ಪಿತ್ತಕೋಶದಲ್ಲಿ ಕಲ್ಲಿದ್ದಾಗ ಅರಿಶಿನದ ಕ್ಯಾಪ್ಸೂಲ್ ತಗೋಬಹುದಾ?

ಚುಕ್ಕಿಚಿಟ್ಟೆ:
ವಯಸ್ಸು 46. ಸ್ಕ್ಯಾನ್‌ನಲ್ಲಿ ಪಿತ್ತಕೋಶದೊಳಗೆ 3ರಿಂದ 9 ಮಿ.ಮೀ. ಅಳತೆಯ ಹಲವು ಕಲ್ಲು. ಗೋಡೆ ದಪ್ಪವಾಗಿಲ್ಲ, ಪಿತ್ತನಾಳ 4 ಮಿ.ಮೀ., ನೋವಿಲ್ಲ. ಈಗ ತಗೊಳ್ತಿರೋದು: ಮಂಡಿನೋವಿಗೆ ಕರ್ಕ್ಯುಮಿನ್ 500 ಮಿ.ಗ್ರಾಂ. (ಅರಿಶಿನದ ಸಾರ, 95% ಕರ್ಕ್ಯುಮಿನ್, ಕರಿಮೆಣಸಿನ ಸಾರ ಸೇರಿದ್ದು), ಒಂದು 'ಲಿವರ್ ಡಿಟಾಕ್ಸ್' ಕ್ಯಾಪ್ಸೂಲ್, ನಿದ್ದೆಗೆ ಅಶ್ವಗಂಧ. ಇವುಗಳಲ್ಲಿ ಯಾವುದನ್ನು ಬಿಡಬೇಕು, ಯಾಕೆ? ಎಣ್ಣೆ, ನಿಂಬೆರಸ ಕುಡಿದು ಕಲ್ಲು ಹೊರಹಾಕೋದು ನಿಜವಾ?

ಗುಳಿಗೆಲೆಕ್ಕ:
ಮೊದಲು ಬಿಡಬೇಕಾದ್ದು ಕರ್ಕ್ಯುಮಿನ್. ಪಿತ್ತಕೋಶ 30–50 ಮಿ.ಲೀ. ಹಿಡಿಯುವ ಚೀಲ. ಜಿಡ್ಡು ಕರುಳಿಗೆ ಇಳಿದಾಗ ಅದು ತನ್ನನ್ನು ತಾನೇ ಹಿಂಡಿಕೊಂಡು ಪಿತ್ತರಸವನ್ನು ನಾಳಕ್ಕೆ ದೂಡುತ್ತೆ. ಕರ್ಕ್ಯುಮಿನ್ ಮಾಡಿಸೋದೂ ಇದನ್ನೇ. ಆರೋಗ್ಯವಂತರಿಗೆ ಕೊಟ್ಟು ಅಲ್ಟ್ರಾಸೌಂಡ್‌ನಲ್ಲಿ ಅಳೆದಾಗ 20 ಮಿ.ಗ್ರಾಂ.ಗೇ ಚೀಲ ಕುಗ್ಗಿದೆ, 40 ಮಿ.ಗ್ರಾಂ.ಗೆ ಹೆಚ್ಚುಕಡಿಮೆ ಅರ್ಧವಾಗಿದೆ. ನಿಮ್ಮ ಒಂದು ಕ್ಯಾಪ್ಸೂಲ್‌ನಲ್ಲಿರೋದು 475 ಮಿ.ಗ್ರಾಂ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು 3% ಅಷ್ಟೇ. ಅರ್ಧ ಗ್ರಾಂ ಚಿಟಿಕೆಯಲ್ಲಿ 15 ಮಿ.ಗ್ರಾಂ., ಅದೂ ಇಡೀ ಪಾತ್ರೆಗೆ. ಹಾಗಾಗಿ ಅಡುಗೆಯ ಅರಿಶಿನಕ್ಕೆ ಹೆದರಬೇಡಿ.

ಕಲ್ಲಿಲ್ಲದ ಚೀಲ ಹಿಂಡಿದರೆ ನಷ್ಟವಿಲ್ಲ. ಕಲ್ಲಿರುವ ಚೀಲ ಹಿಂಡಿದರೆ ದೊಡ್ಡ ಕಲ್ಲು ಬಾಯಿಗೆ ಅಡ್ಡ ಕೂತು ನೋವು ತರಬಹುದು, ಸಣ್ಣದು ಜಾರಿ ಪಿತ್ತನಾಳಕ್ಕೆ ಇಳಿಯಬಹುದು. ನಿಮ್ಮ ವರದಿಯಲ್ಲಿ ನನಗೆ ಕಣ್ಣಿಗೆ ಬಿದ್ದದ್ದು 9 ಅಲ್ಲ, 3. ಅಷ್ಟು ಚಿಕ್ಕದು ಜಾರಿ ಹೋಗಿ ಮೇದೋಜ್ಜೀರಕ ಗ್ರಂಥಿಯ ನಾಳ ಸೇರುವಲ್ಲಿ ಸಿಕ್ಕಿಕೊಂಡರೆ ಪ್ಯಾಂಕ್ರಿಯಾಟೈಟಿಸ್, ಅಂದ್ರೆ ಆ ಗ್ರಂಥಿಯ ಉರಿಯೂತ. ಜಿಡ್ಡಿನ ಊಟವೂ ಹಿಂಡುತ್ತೆ, ನಿಜ. ಅದರ ಮೇಲೆ ದಿನಾ ಇನ್ನೊಂದು ತಳ್ಳು ಯಾಕೆ?

ಡಿಟಾಕ್ಸ್ ಡಬ್ಬಿಯ ಹಿಂಬದಿ ಓದಿ. ಆರ್ಟಿಚೋಕ್ ಎಲೆ, ಡ್ಯಾಂಡೆಲಿಯನ್ ಬೇರು, ಬೋಲ್ಡೊ ಇದ್ದರೆ ಅದೂ ಬೇಡ. ಇವನ್ನು ಬಳಸೋದೇ ಪಿತ್ತರಸದ ಹರಿವು ಹೆಚ್ಚಿಸೋಕೆ. ಯುರೋಪಿನ ಔಷಧ ಸಂಸ್ಥೆ ಆರ್ಟಿಚೋಕ್ ಎಲೆಯನ್ನು ಪಿತ್ತಕಲ್ಲು, ನಾಳದ ಅಡಚಣೆ ಇದ್ದವರು ಬಳಸಲೇಬಾರದು ಅಂತ ಬರೆದಿದೆ. 'ಪಿತ್ತಕೋಶಕ್ಕೆ ಒಳ್ಳೆಯದು' ಅಂತ ಲೇಬಲ್ ಮೇಲಿದ್ದರೆ ಕಲ್ಲಿರುವವರು ಅದನ್ನೇ ಎಚ್ಚರಿಕೆ ಅಂತ ಓದಿಕೊಳ್ಳಬೇಕು. ಮಿಲ್ಕ್ ಥಿಸಲ್ ಅನ್ನೋ ಗಿಡದ ಸಾರ ಒಂದೇ ಇದ್ದರೆ ಅಷ್ಟು ಗಾಬರಿ ಇಲ್ಲ, ಆದರೆ ಅದರಿಂದ ಕಲ್ಲು ಕರಗಲ್ಲ. ಪದಾರ್ಥಗಳ ಹೆಸರಿದ್ದು ಪ್ರಮಾಣ ಬರೆಯದ ಡಬ್ಬಿಯ ಬಗ್ಗೆ ಯಾರೂ ಏನೂ ಹೇಳೋಕಾಗಲ್ಲ, ಪಕ್ಕಕ್ಕಿಡಿ.

ವರದಿಓದುಗ:
ಮೇಲಿನವರು ಅಶ್ವಗಂಧದ ಮಾತೇ ಎತ್ತಲಿಲ್ಲ. ಅದು ಚೀಲ ಹಿಂಡಿಸುತ್ತೆ ಅನ್ನೋದಲ್ಲ, ಅದರ ತಕರಾರು ಲಿವರ್‌ನಲ್ಲಿ. ಕೆಲವೇ ಜನರಲ್ಲಿ, ಶುರುಮಾಡಿದ 2ರಿಂದ 12 ವಾರದೊಳಗೆ ಪಿತ್ತರಸ ಲಿವರ್‌ನಲ್ಲೇ ಕಟ್ಟಿಕೊಳ್ಳುತ್ತೆ: ಮೈಯೆಲ್ಲಾ ತುರಿಕೆ, ಕಣ್ಣು ಹಳದಿ, ಮೂತ್ರ ಕಡುಬಣ್ಣ. ಕಲ್ಲು ನಾಳದಲ್ಲಿ ಸಿಕ್ಕಿದರೂ ಇವೇ ಲಕ್ಷಣ. ರಕ್ತಪರೀಕ್ಷೆಯಲ್ಲೂ ಎರಡರಲ್ಲೂ ಬಿಲಿರುಬಿನ್ (ಪಿತ್ತರಸದ ಹಳದಿ ಬಣ್ಣ), ಅಲ್ಕಲೈನ್ ಫಾಸ್ಫಟೇಸ್ (ಒಂದು ಕಿಣ್ವ) ಏರಿರುತ್ತೆ. ಕಲ್ಲಿರೋದು ಗೊತ್ತಿರುವ ರೋಗಿಯಾದರೆ ವೈದ್ಯರು ಮೊದಲು ಕಲ್ಲನ್ನೇ ಹುಡುಕ್ತಾರೆ, ಸಹಜ. ಕ್ಯಾಪ್ಸೂಲ್ ವಿಷಯ ಹೇಳದಿದ್ದರೆ ಇಲ್ಲದ ಕಲ್ಲಿಗಾಗಿ ನಾಳದೊಳಗೆ ಟ್ಯೂಬ್ ಇಳಿಸುವವರೆಗೂ ಹೋಗಬಹುದು.

ಕರ್ಕ್ಯುಮಿನ್‌ನಿಂದಲೂ ಲಿವರ್ ಊತ ದಾಖಲಾಗಿದೆ, ಅದರಲ್ಲೂ ಕರಿಮೆಣಸಿನ ಪೈಪರಿನ್ ಸೇರಿಸಿ ಹೀರಿಕೆ ಹೆಚ್ಚಿಸಿದವುಗಳಿಂದ. ಗ್ರೀನ್ ಟೀ ಸಾರದಲ್ಲಿ ಇಜಿಸಿಜಿ ಅನ್ನೋ ಅಂಶ ದಿನಕ್ಕೆ 800 ಮಿ.ಗ್ರಾಂ. ಮುಟ್ಟಿದರೆ ಲಿವರ್ ಕಿಣ್ವಗಳು ಏರಬಹುದು ಅಂತ 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ನಿಮ್ಮ ಡಿಟಾಕ್ಸ್‌ನಲ್ಲಿ ಅದೂ ಇದೆಯಾ ನೋಡಿ.

ಒಂದು ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಡಬ್ಬಿಗಳ ಫೋಟೊ, ಪ್ರತಿಯೊಂದನ್ನೂ ಶುರುಮಾಡಿದ ತಾರೀಖು ಫೋನಲ್ಲಿರಲಿ.

ನಾಳದಾರಿ:
ಎಣ್ಣೆ–ನಿಂಬೆ ಮಾತಿಗೆ. 100 ಮಿ.ಲೀ. ದಾಟಿದ ಎಣ್ಣೆ ಒಂದೇ ಸಲ ಕುಡಿಯೋದು ಅಂದ್ರೆ ಪಿತ್ತಕೋಶವನ್ನು ಗಟ್ಟಿಯಾಗಿ ಹಿಂಡೋದು. ಮರುದಿನ ಮಲದಲ್ಲಿ ಬೀಳುವ ಹಸಿರು ಉಂಡೆಗಳು ಕಲ್ಲಲ್ಲ, ಎಣ್ಣೆ ಕರುಳಲ್ಲೇ ಸಾಬೂನಾಗಿ ಗಟ್ಟಿಯಾದದ್ದು. ಪರೀಕ್ಷಿಸಿ ನೋಡಿದ್ದಾರೆ, 40 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗಿವೆ. ಉಂಡೆ ಬಿದ್ದವರು ಮತ್ತೆ ಸ್ಕ್ಯಾನ್ ಮಾಡಿಸೋದಿಲ್ಲ, ಅದಕ್ಕೇ ಈ ಮಾತು ಇನ್ನೂ ಓಡ್ತಿದೆ.

ಇನ್ನೊಂದು ಗೊಂದಲ: 'ಕಲ್ಲು' ಅಂದ ಕೂಡಲೇ ಕಿಡ್ನಿ ಕಲ್ಲಿನ ಕಷಾಯ ಹೇಳ್ತಾರೆ. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಎಷ್ಟು ನೀರು ಕುಡಿದರೂ ಈ ಕಲ್ಲು ಆ ಕಡೆ ಬರಲ್ಲ.

ಚುಕ್ಕಿಚಿಟ್ಟೆ:
ಮೂರನ್ನೂ ನಿಲ್ಲಿಸ್ತೀನಿ. ಮುಂದೆ ಕರಗಿಸುವ ಮಾತ್ರೆ ಅಥವಾ ಆಪರೇಷನ್ ಅಂದ್ರೆ?

ಗುಳಿಗೆಲೆಕ್ಕ:
ಕರಗಿಸುವ ಮಾತ್ರೆಯಾಗಿ ಅರ್ಸೊಡಿಆಕ್ಸಿಕೋಲಿಕ್ ಆಮ್ಲ ಕೊಟ್ಟರೆ (ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 8–10 ಮಿ.ಗ್ರಾಂ.) ಅಲ್ಯೂಮಿನಿಯಂ ಇರುವ ಆಂಟಾಸಿಡ್, ಜೇಡಿಮಣ್ಣಿನ ಡಿಟಾಕ್ಸ್ ಪುಡಿ ಜೊತೆಗೆ ಬೇಡ. ಅವು ಮಾತ್ರೆಯನ್ನು ಕರುಳಲ್ಲೇ ಹಿಡಿದಿಡುತ್ತವೆ, 2 ಗಂಟೆಯಾದರೂ ಅಂತರ ಬೇಕು. ಕರಗೋದು ಕ್ಯಾಲ್ಸಿಯಂ ಕಟ್ಟದ ಕೊಲೆಸ್ಟರಾಲ್ ಕಲ್ಲು ಮಾತ್ರ, ಅದಕ್ಕೂ ತಿಂಗಳುಗಟ್ಟಲೆ ಬೇಕು.

ಆಪರೇಷನ್ ಆದರೆ ಬೆಳ್ಳುಳ್ಳಿ, ಗಿಂಕ್ಗೊ, ಜಿನ್ಸೆಂಗ್, ಕರ್ಕ್ಯುಮಿನ್ ಕ್ಯಾಪ್ಸೂಲ್‌ಗಳನ್ನು 2 ವಾರ ಮೊದಲೇ ನಿಲ್ಲಿಸಿ. ರಕ್ತ ಹೆಪ್ಪುಗಟ್ಟುವುದಕ್ಕೆ ಇವು ಅಡ್ಡಿ ಮಾಡಬಹುದು. ಅರಿವಳಿಕೆ ಕೊಡುವವರಿಗೂ ಪಟ್ಟಿ ತೋರಿಸಿ.

ವರದಿಓದುಗ:
ಕ್ಯಾಪ್ಸೂಲ್ ನಿಲ್ಲಿಸಿದ ಮೇಲೂ ಬಲ ಪಕ್ಕೆಲುಬಿನ ಕೆಳಗೆ ನೋವು 5 ಗಂಟೆ ದಾಟಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೇಲ್ಹೊಟ್ಟೆಯಿಂದ ಬೆನ್ನಿಗೆ ನೋವು ಹೊಡೆದರೆ ಇಲ್ಲಿ ಬರೆದು ಕಾಯಬೇಡಿ. ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಗೆ ಹೊರಡಿ. ಹೊರಡುವಾಗ ಏನೂ ತಿನ್ನಬೇಡಿ, ಸ್ಕ್ಯಾನ್‌ಗೆ ಹೊಟ್ಟೆ ಖಾಲಿ ಇದ್ದರೆ ಒಳ್ಳೆಯದು.