ಏಳರ ಮಗ್ಗಿಗೆ ತ್ರಿವುಡೆ ತಾಳ: ಕಲಾವಿದರನ್ನು ತರಗತಿಗೆ ಕರೆಸಬೇಕೇ?

ಘಟ್ಟದ ಕೆಳಗಿನ ಮೇಷ್ಟ್ರು:
ನಮ್ಮದು ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಇಬ್ಬರೇ ಶಿಕ್ಷಕರು. ಕಳೆದ ತಿಂಗಳ ಮೂರನೇ ಶನಿವಾರ, ಬ್ಯಾಗ್ ರಹಿತ ದಿನದಂದು, ಊರಿನ ಯಕ್ಷಗಾನದ ಮದ್ದಳೆಗಾರರೊಬ್ಬರನ್ನು ಕರೆಸಿದ್ದೆ. ಅವರು ಭಾಷಣ ಮಾಡಲಿಲ್ಲ. ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತು ತಾಳ ಹಾಕಿಸಿದರು. ರೂಪಕ ತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, 6 ಅಕ್ಷರ (ಎಣಿಕೆ), ತ್ರಿವುಡೆಗೆ 7, ಝಂಪೆಗೆ 10. ನಾಲ್ಕನೇ ತರಗತಿಯ ಒಬ್ಬ ಹುಡುಗನಿಗೆ ಏಳರ ಮಗ್ಗಿ 28ರಿಂದ ಮುಂದೆ ಹೋಗುತ್ತಲೇ ಇರಲಿಲ್ಲ. ಅಂದು ತೊಡೆ ತಟ್ಟುತ್ತಾ, ಆವರ್ತಕ್ಕೊಂದು ಸಂಖ್ಯೆ ಹೇಳುತ್ತಾ 70 ಮುಟ್ಟಿದ. ಅಲ್ಲಿಗೂ ನಿಲ್ಲದೆ 77 ಎಂದ! ಇದನ್ನು ಪ್ರತಿ ತಿಂಗಳೂ ಮಾಡೋಣ ಎಂದರೆ ಪಕ್ಕದ ಶಾಲೆಯ ಶಿಕ್ಷಕರೊಬ್ಬರು, "ಓದಲು ಬಾರದ ಮಕ್ಕಳಿಗೆ ತಾಳ ಏಕೆ?" ಎಂದರು. ನೀವೇನು ಹೇಳುತ್ತೀರಿ?

ಎರಡು ಕೊಠಡಿಯ ಟೀಚರ್:
ಆ ಶಿಕ್ಷಕರ ಮಾತನ್ನು ತಳ್ಳಿಹಾಕಬೇಡಿ ಮೇಷ್ಟ್ರೇ. ನಾನು ರಾಯಚೂರು ಕಡೆಯವಳು. ಒಂದು ಕೊಠಡಿಯಲ್ಲಿ ನಲಿ-ಕಲಿಯ ಒಂದರಿಂದ ಮೂರನೇ ತರಗತಿ, ಇನ್ನೊಂದರಲ್ಲಿ ನಾಲ್ಕು ಮತ್ತು ಐದು. ನಮ್ಮಲ್ಲಿಗೂ ಒಬ್ಬ ಕಲಾವಿದರು ಬಂದಿದ್ದರು. ಮಕ್ಕಳನ್ನು ಅಂಗಳದ ಬಿಸಿಲಲ್ಲಿ ಕೂರಿಸಿ, ತಮಗಾದ ಸನ್ಮಾನಗಳ ಕಥೆಯನ್ನೇ ಒಂದೂವರೆ ಗಂಟೆ ಹೇಳಿದರು. ದೊಡ್ಡವರನ್ನು ರಂಜಿಸುವುದು ಬೇರೆ, ಆರು ವರ್ಷದ ಮಗುವಿನೊಂದಿಗೆ ಮಾತನಾಡುವುದು ಬೇರೆ. ಬಂದವರಿಗೆ ಅದು ಗೊತ್ತಿಲ್ಲದಿದ್ದರೆ ನಮ್ಮ ಒಂದು ದಿನ ಮಣ್ಣುಪಾಲು.

ಬಣ್ಣದ ವೇಷದವನು:
ಟೀಚರ್ ಹೇಳಿದ್ದು ಸರಿ. ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಮೊದಲ ಬಾರಿ ಶಾಲೆಯೊಂದಕ್ಕೆ ಯಕ್ಷಗಾನದ ಪೂರ್ತಿ ರಾಕ್ಷಸ ವೇಷ ಕಟ್ಟಿಕೊಂಡು ಹೋಗಿ ಅಬ್ಬರಿಸಿದೆ. ಒಂದನೇ ತರಗತಿಯ ಮಕ್ಕಳು ಅಳುತ್ತಾ ಟೀಚರ ಸೀರೆ ಹಿಡಿದುಕೊಂಡರು. ಈಗ ಬರಿಮುಖದಲ್ಲಿ ಹೋಗುತ್ತೇನೆ. ಹೆಸರು ಹೇಳಿ, ಕನ್ನಡಿ ಇಟ್ಟುಕೊಂಡು, ಮಕ್ಕಳ ಎದುರೇ ಅರ್ಧ ಮುಖಕ್ಕೆ ಮಾತ್ರ ಬಣ್ಣ ಹಚ್ಚಿಕೊಳ್ಳುತ್ತೇನೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿಯ ಬಿಳಿ ಚುಕ್ಕಿ ಇಡುವಾಗ ಒಬ್ಬೊಬ್ಬರಾಗಿ ಹತ್ತಿರ ಸರಿಯುತ್ತಾರೆ. ಒಬ್ಬಳು ನನ್ನ ಕೆನ್ನೆ ಮುಟ್ಟಿ, "ಒಳಗೆ ಮಾಮ ಇದ್ದಾರೆ" ಎಂದಳು. ಅವಳಿಗೆ ಭಯ ಹೋಗಿತ್ತು.

ಇನ್ನೊಂದು ಮಾತು. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದೇ ಹೊತ್ತಿಗೆ ಶಾಲೆ ತೆರೆಯುತ್ತದೆ. ಮತ್ತೆ ತಿರುಗಾಟ ಹೊರಡುವುದು ನವೆಂಬರಿನಲ್ಲಿ. ಮಳೆಗಾಲವಿಡೀ ಕೆಲವರು ನಾಲ್ಕಾರು ಜನರ ಚಿಕ್ಕಮೇಳ ಕಟ್ಟಿ ಮನೆಮನೆ ತಿರುಗುತ್ತಾರೆ, ಉಳಿದವರು ಕೂಲಿಗೆ ಹೋಗುತ್ತಾರೆ. ಶಾಲೆಗೆ ಕಲಾವಿದ ಬೇಕಾದ ತಿಂಗಳುಗಳೂ ಕಲಾವಿದನಿಗೆ ಕೆಲಸ ಬೇಕಾದ ತಿಂಗಳುಗಳೂ ಒಂದೇ. ಆದರೆ ದಯವಿಟ್ಟು ಶಾಲು, ಹಾರ, ಹಣ್ಣಿನ ಬುಟ್ಟಿ ಬೇಡ. ಆ ದುಡ್ಡನ್ನೇ ಸಂಭಾವನೆಯಾಗಿ ಕೊಡಿ.

ಬೆಂಗಳೂರಿನ ಪೋಷಕ:
ಹೆಸರಾಂತ ಕಲಾವಿದರನ್ನೇ ಕರೆಸಬಹುದಲ್ಲವೇ? 1977ರಲ್ಲಿ ಕಿರಣ್ ಸೇಠ್ ಆರಂಭಿಸಿದ ಸ್ಪಿಕ್ ಮೆಕೆ ಸಂಸ್ಥೆ ದೊಡ್ಡ ದೊಡ್ಡ ಸಂಗೀತಗಾರರನ್ನು ಶಾಲೆ, ಕಾಲೇಜುಗಳಿಗೆ ಕರೆತಂದಿದೆ. ಮಕ್ಕಳು ಶ್ರೇಷ್ಠವಾದದ್ದನ್ನೇ ಕೇಳಲಿ.

ತುಂಗಭದ್ರೆಯ ದಂಡೆಯಿಂದ:
ಕೇಳಲಿ ಸರ್, ಬೇಡ ಎನ್ನುವುದಿಲ್ಲ. ಆದರೆ ಹತ್ತಿರದವರೇನೂ ಕಡಿಮೆಯವರಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆಯಾಟಕ್ಕೆ. ನಮ್ಮ ಶಾಲೆಯಲ್ಲಿ ಗೊಂಬೆಯಾಟದ ಮನೆಯ ಹುಡುಗಿಯೊಬ್ಬಳು ಇದ್ದಳು. ಜಗಳ ಬಂದಾಗಲೆಲ್ಲ ಮಕ್ಕಳು ಅವಳ ಜಾತಿಯ ಹೆಸರನ್ನೇ ಬೈಗುಳವಾಗಿ ಎಸೆಯುತ್ತಿದ್ದರು. ಒಂದು ದಿನ ಅವಳ ಅಜ್ಜನನ್ನೇ ಕರೆಸಿದೆವು. ಕಿಟಕಿ ಮುಚ್ಚಿ, ಬಿಳಿ ಪಂಚೆ ಕಟ್ಟಿ, ಹಿಂದೆ ಒಂದು ಬಲ್ಬು ಹಾಕಿದೆವು. ತೊಗಲಿನ ಬಣ್ಣಗಳು ಬೆಳಕಿಗೆ ಹೊಳೆದಾಗ ಇಡೀ ಕೊಠಡಿ ಉಸಿರು ಬಿಗಿಹಿಡಿಯಿತು. ಅಜ್ಜ ಆಟದ ಹಾಸ್ಯ ಪಾತ್ರವಾದ ಬಂಗಾರಕ್ಕನ ಗೊಂಬೆಯನ್ನು ಮೊಮ್ಮಗಳ ಕೈಗೆ ಕೊಟ್ಟರು. ಅವಳು ಕಡ್ಡಿ ಹಿಡಿದ ರೀತಿ ನೋಡಬೇಕಿತ್ತು! ಮರುದಿನದಿಂದ ಎಲ್ಲ ಬದಲಾಯಿತು ಎಂದು ಸುಳ್ಳು ಹೇಳುವುದಿಲ್ಲ. ಆದರೆ ಊಟದ ಸಾಲಿನಲ್ಲಿ ಅವಳ ಪಕ್ಕ ಕೂರಲು ಪೈಪೋಟಿ ಶುರುವಾಯಿತು. ದೂರದಿಂದ ಬಂದ ಎಷ್ಟು ದೊಡ್ಡ ಕಲಾವಿದರಿಂದಲೂ ಈ ಕೆಲಸ ಆಗುತ್ತಿರಲಿಲ್ಲ.

ಎರಡು ಕೊಠಡಿಯ ಟೀಚರ್:
ಓದಿ ಕಣ್ಣು ತುಂಬಿತು ಅಕ್ಕ. ಆದರೂ ನನ್ನದೊಂದು ಪ್ರಶ್ನೆ ಇದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲೂ ಸ್ಥಳೀಯ ಕಲಾವಿದರನ್ನು ಬೋಧಕರಾಗಿ ಕರೆಸಿಕೊಳ್ಳುವ ಮಾತಿದೆ. ಆದರೆ ಅವರಿಗೆ ಕೊಡುವ ಹಣ ಯಾವ ಲೆಕ್ಕದಿಂದ? ಕೈಯಿಂದ ಹಾಕಿ ಎಂದರೆ ಎಷ್ಟು ದಿನ ಹಾಕಲಿ? ಇನ್ನೂ ಒಂದಿದೆ. ಇದು ಕೊನೆಗೆ ವಾರ್ಷಿಕೋತ್ಸವದ ಪ್ರದರ್ಶನವಾಗಿಬಿಟ್ಟರೆ ಚುರುಕಾದ ಐವರನ್ನು ಆರಿಸಿ ಉಳಿದವರನ್ನು ಚಪ್ಪಾಳೆಗೆ ಕೂರಿಸುತ್ತೇವೆ. ಸ್ಪರ್ಧೆಗೆ ಪ್ರತಿಭಾ ಕಾರಂಜಿ ಇದ್ದೇ ಇದೆ, ಇದೂ ಹಾಗಾಗಬಾರದು.

ಎಸ್‌ಡಿಎಂಸಿ ಸದಸ್ಯ:
ನಾನು ನಮ್ಮೂರ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿದ್ದೇನೆ. ಹಣದ ಮಾತಿಗೆ ನಮ್ಮಲ್ಲಿ ಮಾಡಿದ್ದನ್ನು ಹೇಳುತ್ತೇನೆ. ವಾರ್ಷಿಕೋತ್ಸವದ ಶಾಮಿಯಾನ, ಧ್ವನಿವರ್ಧಕದ ಖರ್ಚನ್ನು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ಜನಪದ ಹಾಡುಗಾರ್ತಿಯೊಬ್ಬರ ನಾಲ್ಕು ಭೇಟಿಗೆ ಕೊಟ್ಟೆವು. ಹಳೆಯ ವಿದ್ಯಾರ್ಥಿಗಳು ಬಸ್ ಖರ್ಚು ವಹಿಸಿಕೊಂಡರು.

ಘಟ್ಟದ ಕೆಳಗಿನ ಮೇಷ್ಟ್ರು:
ಹಾಗಾದರೆ ನಮ್ಮಲ್ಲಿ ಹೀಗೆ ಮಾಡುತ್ತೇನೆ. ಜುಲೈಯಿಂದ ನಾಲ್ಕು ಭೇಟಿ, ಪ್ರತಿ ಬಾರಿಯೂ ಅದೇ ಮದ್ದಳೆಗಾರರು. ನಾಲ್ಕು, ಐದನೇ ತರಗತಿಗೆ ಮಾತ್ರ, ನಲವತ್ತು ನಿಮಿಷ. ವೇದಿಕೆ ಇಲ್ಲ, ಪ್ರದರ್ಶನ ಇಲ್ಲ. ನಾನೂ ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತು ಕಲಿಯುತ್ತೇನೆ, ಅವರು ಬಾರದ ದಿನ ತಾಳ ನಿಲ್ಲಬಾರದಲ್ಲ. ಟೀಚರ್, ಒಪ್ಪಿಗೆಯೇ?

ಎರಡು ಕೊಠಡಿಯ ಟೀಚರ್:
ಒಪ್ಪಿದೆ. ಪಕ್ಕದ ಕೊಠಡಿಯ ಚಿಕ್ಕ ಮಕ್ಕಳ ಪಾಠ ಸದ್ದಿನಲ್ಲಿ ಮುಳುಗಬಾರದು, ಅಷ್ಟೇ.

ಬಣ್ಣದ ವೇಷದವನು:
ಚೆಂಡೆ ತರಬೇಡಿ ಎಂದು ಮೊದಲೇ ಹೇಳಿಬಿಡಿ ಮೇಷ್ಟ್ರೇ. ಕೊಠಡಿಯೊಳಗೆ ಮದ್ದಳೆ ಸಾಕು.