ಇಮಿಚ್ ಬ್ಯಾಕಪ್: ರೀಸ್ಟೋರ್ ಮಾಡಿದರೆ ಡೇಟಾಬೇಸ್ ಏಳುತ್ತಿಲ್ಲ, ತಪ್ಪು ಎಲ್ಲಿದೆ?

ಹಳೇ_ಲ್ಯಾಪ್‌ಟಾಪ್ (ಪ್ರಶ್ನೆ)

ಸೆಟಪ್ ಹೀಗಿದೆ. 8 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಡೆಬಿಯನ್ 12, ಡಾಕರ್ ಕಂಪೋಸ್‌ನಲ್ಲಿ (ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಸಾಧನ) ಇಮಿಚ್, ಅಂದರೆ ಮನೆಯಲ್ಲೇ ನಡೆಸುವ ಫೋಟೊ ಸರ್ವರ್. ಸಿಸ್ಟಮ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ 256 ಜಿಬಿ ಎಸ್‌ಎಸ್‌ಡಿಯಲ್ಲಿವೆ. ಫೋಟೊ, ವಿಡಿಯೊಗಳು 2 ಟಿಬಿ ಯುಎಸ್‌ಬಿ ಡಿಸ್ಕಿನಲ್ಲಿವೆ, ಈಗ ಸುಮಾರು 600 ಜಿಬಿ. ರಾತ್ರಿ 1 ಗಂಟೆಗೆ ಕ್ರಾನ್‌ನಿಂದ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸಾಧನ) ಫೈಲ್ ನಕಲಿಸುವ ಆರ್‌ಸಿಂಕ್ ಓಡುತ್ತದೆ. ಡೇಟಾಬೇಸ್ ಫೋಲ್ಡರ್ ಸಮೇತ ಎಲ್ಲವನ್ನೂ ಇನ್ನೊಂದು ಯುಎಸ್‌ಬಿ ಡಿಸ್ಕಿಗೆ ನಕಲು ಮಾಡುತ್ತದೆ, --ಡಿಲೀಟ್ ಆಯ್ಕೆಯೂ ಇದೆ.

ಫೋನುಗಳಲ್ಲಿರುವ ಫೋಟೊ ಅಳಿಸುವ ಮೊದಲು ಈ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ಏಳಿಸಿ ನೋಡಿದಾಗ ಪೋಸ್ಟ್‌ಗ್ರೆಸ್ ಕಂಟೇನರ್ ಶುರುವಾಗಿ ತಕ್ಷಣ ಸಾಯುತ್ತಿದೆ. ಲಾಗ್‌ನಲ್ಲಿ ಸರಿಯಾದ ಚೆಕ್‌ಪಾಯಿಂಟ್ ರೆಕಾರ್ಡ್ ಸಿಗಲಿಲ್ಲ ಎಂಬ ಪ್ಯಾನಿಕ್ ಸಂದೇಶ. ಆರ್‌ಸಿಂಕ್ ಮಾತ್ರ ಪ್ರತಿ ರಾತ್ರಿ ಎರರ್ ಇಲ್ಲದೆ ಮುಗಿದಿದೆ. ನಕಲು ಸರಿಯಿಲ್ಲವೋ, ರೀಸ್ಟೋರ್ ಕ್ರಮ ಸರಿಯಿಲ್ಲವೋ? ಬ್ಯಾಕಪ್ ಹೇಗಿರಬೇಕು?

ವಾಲ್_ಓದುಗ

ನಕಲೇ ಸರಿಯಿಲ್ಲ. ಓಡುತ್ತಿರುವ ಪೋಸ್ಟ್‌ಗ್ರೆಸ್‌ನ ಫೋಲ್ಡರನ್ನು ಆರ್‌ಸಿಂಕ್ ಮಾಡಿದರೆ ಅದು ಬ್ಯಾಕಪ್ ಆಗುವುದಿಲ್ಲ.

ಕಾರಣ ಇದು. ಪೋಸ್ಟ್‌ಗ್ರೆಸ್ ಯಾವುದೇ ಬದಲಾವಣೆಯನ್ನು ಮೊದಲು ವಾಲ್ ಲಾಗಿಗೆ ಬರೆಯುತ್ತದೆ, ಟೇಬಲ್ ಫೈಲುಗಳಿಗೆ ಆಮೇಲೆ ನಿಧಾನವಾಗಿ ಇಳಿಸುತ್ತದೆ. ಎಲ್ಲಿಯವರೆಗೆ ಇಳಿಸಿ ಆಗಿದೆ ಎಂಬ ಗುರುತೇ ಚೆಕ್‌ಪಾಯಿಂಟ್. ಆ ಗುರುತು ಗ್ಲೋಬಲ್ ಫೋಲ್ಡರಿನ ಒಳಗಿರುವ ಕಂಟ್ರೋಲ್ ಫೈಲಿನಲ್ಲಿರುತ್ತದೆ. ಆರ್‌ಸಿಂಕ್ ಅಕ್ಷರಮಾಲೆಯ ಕ್ರಮದಲ್ಲಿ ಹೋಗುತ್ತದೆ: ಮೊದಲು ಟೇಬಲ್‌ಗಳಿರುವ ಬೇಸ್, ಆಮೇಲೆ ಗ್ಲೋಬಲ್, ಕೊನೆಯ ಹೊತ್ತಿಗೆ ವಾಲ್. ಈ ನಡುವೆ ಡೇಟಾಬೇಸ್ ಕೈಕಟ್ಟಿ ಕೂತಿರುವುದಿಲ್ಲ. ಕಂಟ್ರೋಲ್ ಫೈಲ್ ಯಾವ ವಾಲ್ ತುಂಡನ್ನು ತೋರಿಸುತ್ತಿತ್ತೋ ಅದು ಆರ್‌ಸಿಂಕ್ ಅಲ್ಲಿಗೆ ತಲುಪುವುದರೊಳಗೆ ಮರುಬಳಕೆಯಾಗಿ ಹೋಗಿರಬಹುದು. ನಿಮಗೆ ಬಂದ ಸಂದೇಶ ಅದನ್ನೇ ಹೇಳುತ್ತಿದೆ.

ಅದು ಏಳದೇ ಇದ್ದದ್ದು ಒಳ್ಳೆಯದೇ ಆಯಿತು. ಬೇಸ್ ನಕಲಾದ ಮೇಲೆ, ಕಂಟ್ರೋಲ್ ಫೈಲ್ ನಕಲಾಗುವ ಮೊದಲು ಒಂದು ಚೆಕ್‌ಪಾಯಿಂಟ್ ಬಿದ್ದರೆ, ಹಳೆಯ ಟೇಬಲ್ ಪುಟಗಳ ಜೊತೆ ಹೊಸ ಗುರುತು ಸೇರಿಕೊಳ್ಳುತ್ತದೆ. ಆಗ ಡೇಟಾಬೇಸ್ ಸಲೀಸಾಗಿ ಏಳುತ್ತದೆ, ಒಳಗೆ ಕೆಲವು ಸಾಲುಗಳು ಕಾಣೆಯಾಗಿರುತ್ತವೆ, ಕೆಲವು ಇಂಡೆಕ್ಸ್ ಕೆಟ್ಟಿರುತ್ತವೆ. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಡಂಪ್ (ಡೇಟಾಬೇಸಿನ ವಿಷಯವನ್ನೆಲ್ಲ ಒಂದು ಫೈಲಿಗೆ ಬರೆದ ಪ್ರತಿ) ತೆಗೆದು ಅದನ್ನು ನಕಲು ಮಾಡುವುದೇ ಸರಿಯಾದ ದಾರಿ. ಇಮಿಚ್ ಇದನ್ನು ತಾನೇ ಮಾಡುತ್ತದೆ: ಸೆಟ್ಟಿಂಗ್ ಬದಲಿಸದಿದ್ದರೆ ರಾತ್ರಿ 2 ಗಂಟೆಗೆ ಒಂದು ಡಂಪ್, ಕೊನೆಯ 14 ಡಂಪ್ ಉಳಿಕೆ. ಅವು ಅಪ್‌ಲೋಡ್ ಜಾಗದ ಒಳಗೆ ಬ್ಯಾಕಪ್ಸ್ ಫೋಲ್ಡರಿನಲ್ಲಿ ಜಿಜಿಪ್ ಆದ ಎಸ್‌ಕ್ಯೂಎಲ್ ಫೈಲುಗಳಾಗಿ ಇರುತ್ತವೆ. ನೀವು 1 ಗಂಟೆಗೆ ನಕಲು ಮಾಡಿದರೆ ಹಿಂದಿನ ದಿನದ ಡಂಪ್ ಹೋಗುತ್ತದೆ. 3 ಗಂಟೆಗೆ ಬದಲಿಸಿ.

ಡಂಪ್‌ನಲ್ಲಿ ಫೋಟೊ ಇರುವುದಿಲ್ಲ. ಆಲ್ಬಮ್, ಮುಖಗಳ ಹೆಸರು, ಬಳಕೆದಾರರು, ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಮಾತ್ರ. ಆದ್ದರಿಂದ ಬ್ಯಾಕಪ್ಸ್ ಜೊತೆಗೆ ಲೈಬ್ರರಿ, ಅಪ್‌ಲೋಡ್, ಪ್ರೊಫೈಲ್ ಈ ಮೂರೂ ಬೇಕೇ ಬೇಕು. ಥಂಬ್ಸ್ ಮತ್ತು ಎನ್‌ಕೋಡೆಡ್ ವಿಡಿಯೊ ಫೋಲ್ಡರುಗಳನ್ನು ಬಿಡಬಹುದು, ಅವನ್ನು ಮತ್ತೆ ತಯಾರಿಸಿಕೊಳ್ಳಬಹುದು. ಆದರೆ 600 ಜಿಬಿಗೆ ಮತ್ತೆ ಥಂಬ್‌ನೇಲ್ ಮಾಡಲು ಹಳೆಯ ಪ್ರೊಸೆಸರ್ ದಿನಗಟ್ಟಲೆ ಒದ್ದಾಡುತ್ತದೆ. ಜಾಗ ಇದ್ದರೆ ಇರಲಿ ಬಿಡಿ.

ಸ್ಟೋರೇಜ್ ಟೆಂಪ್ಲೇಟ್ ಆನ್ ಮಾಡಿದ್ದೀರಾ? ಆಫ್ ಇದ್ದರೆ ಫೋಟೊಗಳು ಅಪ್‌ಲೋಡ್ ಫೋಲ್ಡರಿನಲ್ಲಿ ಅರ್ಥವಿಲ್ಲದ ಉದ್ದುದ್ದ ಹೆಸರಿನಲ್ಲಿ ಬಿದ್ದಿರುತ್ತವೆ, ಡೇಟಾಬೇಸ್ ಹೋದರೆ ಯಾವುದು ಯಾವುದೋ. ಆನ್ ಮಾಡಿದರೆ ಲೈಬ್ರರಿಯಲ್ಲಿ ವರ್ಷ, ದಿನಾಂಕದ ಪ್ರಕಾರ ಸರಿಯಾದ ಹೆಸರಿನಲ್ಲಿ ಕೂರುತ್ತವೆ. ಇಮಿಚ್ ಇಲ್ಲದಿದ್ದರೂ ಮನುಷ್ಯರು ನೋಡಿ ಗುರುತಿಸುವಂತಿರುತ್ತದೆ.

ಸ್ನ್ಯಾಪ್‌ಶಾಟ್_3_ಗಂಟೆ

ಮೇಲಿನದೆಲ್ಲ ಸರಿ. --ಡಿಲೀಟ್ ಬಗ್ಗೆ ಒಂದು ಮಾತು. ಇವತ್ತು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ನಾಳೆ ಬೆಳಗ್ಗೆ ಬ್ಯಾಕಪ್‌ನಲ್ಲೂ ಅದು ಇರುವುದಿಲ್ಲ. ಕನ್ನಡಿಯಲ್ಲಿ ಕಾಣುವಷ್ಟೇ ನಿಮ್ಮ ಬಳಿ ಉಳಿಯುತ್ತದೆ. ನಿನ್ನೆ, ಮೊನ್ನೆ, ಹೋದ ತಿಂಗಳ ಸ್ಥಿತಿಗೂ ಮರಳುವಂತಿರಬೇಕು. ಅದಕ್ಕೆ ರೆಸ್ಟಿಕ್ ಎಂಬ ಬ್ಯಾಕಪ್ ಪ್ರೋಗ್ರಾಮ್ ಬಳಸಿ. ಫೈಲುಗಳನ್ನು ತುಂಡು ಮಾಡಿ, ಈಗಾಗಲೇ ಇರುವ ತುಂಡನ್ನು ಮತ್ತೆ ಬರೆಯದೆ ಬಿಡುತ್ತದೆ. ಮೊದಲ ಸಲ 600 ಜಿಬಿ ಪೂರ್ತಿ, ಆಮೇಲೆ ದಿನದ ಹೊಸ ಫೋಟೊಗಳಷ್ಟೇ.

ಬ್ಯಾಕಪ್ ಮುಗಿದ ಮೇಲೆ ಹಳೆಯದನ್ನು ಕಳಚಲು:

ರೆಸ್ಟಿಕ್ ಫರ್ಗೆಟ್ --ಕೀಪ್-ಡೈಲಿ 7 --ಕೀಪ್-ವೀಕ್ಲಿ 4 --ಕೀಪ್-ಮಂತ್ಲಿ 12 --ಪ್ರೂನ್

ಪ್ರೂನ್ ಇಲ್ಲದೆ ಫರ್ಗೆಟ್ ಒಂದನ್ನೇ ಓಡಿಸಿದರೆ ಸ್ನ್ಯಾಪ್‌ಶಾಟ್ (ಒಂದು ಹೊತ್ತಿನ ಸ್ಥಿತಿಯ ಪ್ರತಿ) ಪಟ್ಟಿ ಚಿಕ್ಕದಾಗುತ್ತದೆ, ಡಿಸ್ಕಿನ ಜಾಗ ಮಾತ್ರ ಒಂದು ಬೈಟೂ ಖಾಲಿಯಾಗುವುದಿಲ್ಲ. ಈ ಗೊಂದಲದ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುತ್ತದೆ.

ವಾರಕ್ಕೊಮ್ಮೆ ರೆಸ್ಟಿಕ್ ಚೆಕ್ ಓಡಿಸಿ. ಬರೀ ಚೆಕ್ ಎಂದರೆ ರಚನೆಯನ್ನು ಮಾತ್ರ ನೋಡುತ್ತದೆ, ಡೇಟಾ ಓದುವುದಿಲ್ಲ. --ರೀಡ್-ಡೇಟಾ-ಸಬ್‌ಸೆಟ್=5% ಹಾಕಿದರೆ ಪ್ರತಿ ಸಲ 5% ಡೇಟಾವನ್ನು ನಿಜವಾಗಿ ಓದಿ ಪರೀಕ್ಷಿಸುತ್ತದೆ.

ಸ್ಕ್ರಿಪ್ಟಿನಲ್ಲಿ ಎಕ್ಸಿಟ್ ಕೋಡ್ ನೋಡಿ. 0 ಬಂದರೆ ಸರಿ. 3 ಬಂದರೆ ಸ್ನ್ಯಾಪ್‌ಶಾಟ್ ಆಗಿದೆ, ಆದರೆ ಕೆಲವು ಫೈಲ್ ಓದಲು ಆಗಿಲ್ಲ ಎಂದರ್ಥ. ಸಾಮಾನ್ಯವಾಗಿ ಪರ್ಮಿಷನ್ ಇಲ್ಲದಿರುವುದು, ಇಲ್ಲವೇ ಡಿಸ್ಕ್ ಕೆಡುತ್ತಿರುವುದು ಕಾರಣ. 3 ಬಂದಾಗಲೆಲ್ಲ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿ ಮೂರು ಸಾಲು ನೋಡಿ. 5 ಮತ್ತು 197 ಎಂಬ ಸಾಲುಗಳ (ಕೆಟ್ಟ ಸೆಕ್ಟರುಗಳ ಲೆಕ್ಕ) ಕಚ್ಚಾ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. 199 (ಡೇಟಾ ಸಾಗಣೆಯ ದೋಷಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಯುಎಸ್‌ಬಿ ಪೆಟ್ಟಿಗೆಯ ಒಳಗಿರುವ ಡಿಸ್ಕಿಗೆ -ಡಿ ಸ್ಯಾಟ್ ಎಂದು ಸೇರಿಸಬೇಕಾಗಬಹುದು.

ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಬ್ಯಾಕಪ್ ತೆರೆಯಲು ಬೇರೆ ದಾರಿಯೇ ಇಲ್ಲ. ಕಾಗದದಲ್ಲಿ ಬರೆದು ಲ್ಯಾಪ್‌ಟಾಪ್‌ನಿಂದ ದೂರ ಇಡಿ.

ಹಳೇ_ಲ್ಯಾಪ್‌ಟಾಪ್

ಸ್ಟೋರೇಜ್ ಟೆಂಪ್ಲೇಟ್ ಆಫ್ ಇತ್ತು, ಆನ್ ಮಾಡಿ ಮೈಗ್ರೇಶನ್ ಜಾಬ್ ಓಡಿಸಿದ್ದಾಗಿದೆ. ರೆಸ್ಟಿಕ್ ಮೊದಲ ಸ್ನ್ಯಾಪ್‌ಶಾಟ್ ಓಡುತ್ತಿದೆ. ಇನ್ನೊಂದು ಸಂಶಯ: ಲ್ಯಾಪ್‌ಟಾಪ್ ರೀಬೂಟ್ ಆದಾಗ ಯುಎಸ್‌ಬಿ ಡಿಸ್ಕ್ ಕೆಲವೊಮ್ಮೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಇದರಿಂದ ತೊಂದರೆ ಇದೆಯಾ?

ಮೌಂಟ್_ಪಾಯಿಂಟ್

ಇದೆ, ಸಣ್ಣದಲ್ಲ. ಡಿಸ್ಕ್ ಮೌಂಟ್ ಆಗದಿದ್ದರೂ (ಸಿಸ್ಟಮ್‌ಗೆ ಜೋಡಣೆಯಾಗದಿದ್ದರೂ) ಅದು ಕೂರಬೇಕಾದ ಮೌಂಟ್ ಪಾಯಿಂಟ್ ಎಂಬ ಖಾಲಿ ಫೋಲ್ಡರ್ ಎಸ್‌ಎಸ್‌ಡಿಯಲ್ಲಿ ಇದ್ದೇ ಇರುತ್ತದೆ. ಕಂಪೋಸ್ ಫೈಲಿನಲ್ಲಿ ವಾಲ್ಯೂಮನ್ನು ಚಿಕ್ಕ ರೂಪದಲ್ಲಿ (ಹೊರಗಿನ ಫೋಲ್ಡರ್:ಒಳಗಿನ ಫೋಲ್ಡರ್ ಎಂದು ಒಂದೇ ಸಾಲಿನಲ್ಲಿ) ಬರೆದಿದ್ದರೆ, ಡಾಕರ್ ಅದರೊಳಗೆ ಇಲ್ಲದ ಫೋಲ್ಡರನ್ನು ತಾನೇ ಹುಟ್ಟಿಸಿ ಅಲ್ಲಿಗೇ ಬರೆಯಲು ಹೋಗುತ್ತದೆ. ಎಸ್‌ಎಸ್‌ಡಿ ತುಂಬಿದರೆ ಅಲ್ಲೇ ಇರುವ ಪೋಸ್ಟ್‌ಗ್ರೆಸ್ ಕೂಡ ನಿಲ್ಲುತ್ತದೆ. ಇಮಿಚ್ ತನ್ನ ಫೋಲ್ಡರುಗಳಲ್ಲಿ ಒಂದು ಗುರುತಿನ ಫೈಲ್ ಇಟ್ಟು, ಅದು ಕಾಣದಿದ್ದರೆ ಶುರುವಾಗಲು ನಿರಾಕರಿಸುತ್ತದೆ, ಅಷ್ಟು ರಕ್ಷಣೆ ಇದೆ. ನೆಕ್ಸ್ಟ್‌ಕ್ಲೌಡ್, ಜೆಲ್ಲಿಫಿನ್ ಏನೇ ಆಮೇಲೆ ಹಾಕಿದರೂ ಕೆಲಸಕ್ಕೆ ಬರುವಂತೆ ಬುಡದಲ್ಲೇ ಸರಿಮಾಡಿ.

ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಫೈಲ್) ಡಿಸ್ಕನ್ನು ಎಸ್‌ಡಿಬಿ, ಎಸ್‌ಡಿಸಿ ಎಂದು ಬರೆಯದೆ ಯುಯುಐಡಿ ಎಂಬ ಅದರ ಸ್ವಂತ ಗುರುತು ಸಂಖ್ಯೆಯಿಂದ ಬರೆಯಿರಿ. ಎರಡು ಯುಎಸ್‌ಬಿ ಡಿಸ್ಕ್ ಇದ್ದಾಗ ಹೆಸರು ಅದಲುಬದಲಾಗುತ್ತದೆ. ನೋಫೇಲ್ ಆಯ್ಕೆ ಸೇರಿಸಿ, ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ಬೂಟ್ ಎಮರ್ಜೆನ್ಸಿ ಮೋಡಿಗೆ ಹೋಗಿ ನಿಲ್ಲುತ್ತದೆ, ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ.

ಆಮೇಲೆ ಮುಖ್ಯವಾದದ್ದು. ಕಂಟೇನರ್‌ಗಳನ್ನು ನಿಲ್ಲಿಸಿ, ಡಿಸ್ಕನ್ನು ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರಿನ ಮೇಲೆ ಸಿಎಚ್ಎಟಿಟಿಆರ್ +ಐ ಓಡಿಸಿ, ಮತ್ತೆ ಮೌಂಟ್ ಮಾಡಿ. ಡಿಸ್ಕ್ ಇಲ್ಲದಾಗ ಈಗ ರೂಟ್ ಬಳಕೆದಾರನೂ ಅಲ್ಲಿ ಏನೂ ಹುಟ್ಟಿಸಲಾರ. ಮೌಂಟ್ ಆದಾಗ ಡಿಸ್ಕಿನ ಸ್ವಂತ ಅನುಮತಿಗಳೇ ನಡೆಯುತ್ತವೆ, ಬರೆಯಲು ಅಡ್ಡಿಯಿಲ್ಲ. ಫೋಟೊಗಳನ್ನು ಮೌಂಟ್ ಪಾಯಿಂಟಿನಲ್ಲೇ ಇಡದೆ ಒಳಗೊಂದು ಫೋಲ್ಡರ್ ಮಾಡಿ ಅದನ್ನು ಕಂಪೋಸ್‌ಗೆ ಕೊಡಿ. ಆಗ ಡಿಸ್ಕ್ ಇಲ್ಲದಿದ್ದರೆ ಕಂಟೇನರ್ ಎರರ್ ಕೊಟ್ಟು ನಿಲ್ಲುತ್ತದೆ. ನಮಗೆ ಬೇಕಾದದ್ದೂ ಅದೇ. ಬ್ಯಾಕಪ್ ಡಿಸ್ಕಿನ ಮೌಂಟ್ ಪಾಯಿಂಟಿಗೂ ಇದನ್ನೇ ಮಾಡಿ.

ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಲಾಗಿನ್‌ಡಿ ಕಾನ್ಫ್ ಫೈಲಿನಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್=ಇಗ್ನೋರ್ ಇರಲಿ. ಸದಾ ಚಾರ್ಜರಿನಲ್ಲೇ ಇರುವುದರಿಂದ ಬ್ಯಾಟರಿ ಚಾರ್ಜ್ ಮಿತಿಯನ್ನು ಟಿಎಲ್‌ಪಿ ಎಂಬ ವಿದ್ಯುತ್ ನಿರ್ವಹಣೆ ಸಾಧನದಿಂದ 60%ಗೆ ಇಳಿಸಿ, ಹಾರ್ಡ್‌ವೇರ್ ಒಪ್ಪಿದರೆ. ಊದಿಕೊಂಡಿದ್ದರೆ ತೆಗೆದೇ ಹಾಕಿ.

ವಾಲ್_ಓದುಗ

ರೀಸ್ಟೋರ್ ಕ್ರಮ ಹೇಳುವುದು ಬಿಟ್ಟುಹೋಗಿತ್ತು. ಅದೇ ಲ್ಯಾಪ್‌ಟಾಪ್‌ನಲ್ಲಿ ಎರಡನೇ ಇಮಿಚ್ ಏಳಿಸಲು ಹೋಗಬೇಡಿ, ಕಂಪೋಸ್ ಫೈಲಿನಲ್ಲಿ ಕಂಟೇನರ್ ಹೆಸರುಗಳು ಮೊದಲೇ ನಿಗದಿಯಾಗಿರುವುದರಿಂದ ಡಿಕ್ಕಿ ಹೊಡೆಯುತ್ತವೆ. ಬೇರೆ ಕಂಪ್ಯೂಟರ್ ಅಥವಾ ವರ್ಚುವಲ್ ಮಷೀನ್ ಬಳಸಿ.

ಎನ್ವ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಇಮಿಚ್ ಆವೃತ್ತಿಯನ್ನು, ಡಂಪ್ ತೆಗೆದಾಗ ಇದ್ದ ಸಂಖ್ಯೆಗೇ ಕಟ್ಟಿಹಾಕಿ. ಫೋಟೊಗಳನ್ನು ರೆಸ್ಟಿಕ್‌ನಿಂದ ಇಳಿಸಿಕೊಳ್ಳಿ, ಡೇಟಾಬೇಸ್ ಫೋಲ್ಡರ್ ಪೂರ್ತಿ ಖಾಲಿ ಇರಲಿ. ಡಾಕರ್ ಕಂಪೋಸ್ ಕ್ರಿಯೇಟ್ ಓಡಿಸಿ, ಪೋಸ್ಟ್‌ಗ್ರೆಸ್ ಕಂಟೇನರ್ ಒಂದನ್ನೇ ಶುರುಮಾಡಿ, ಹತ್ತು ಸೆಕೆಂಡ್ ಬಿಟ್ಟು ಡಂಪನ್ನು ಬಿಚ್ಚಿ ಪಿಎಸ್‌ಕ್ಯೂಎಲ್‌ಗೆ (ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡುವ ಪ್ರೋಗ್ರಾಮ್) ಹರಿಸಿ. ಇಮಿಚ್ ದಾಖಲೆಯಲ್ಲಿ ನಡುವೆ ಒಂದು ಸೆಡ್ (ಪಠ್ಯ ತಿದ್ದುವ ಆದೇಶ) ಸಾಲಿದೆ, ಸರ್ಚ್ ಪಾತ್ ಸರಿಪಡಿಸುವುದಕ್ಕೆ. ಅದನ್ನು ಬಿಡಬೇಡಿ. ಎಲ್ಲ ಮುಗಿದ ಮೇಲೆ ಡಾಕರ್ ಕಂಪೋಸ್ ಅಪ್ -ಡಿ ಓಡಿಸಿ.

ಸರ್ವರ್ ಕಂಟೇನರ್ ಮೊದಲೇ ಎದ್ದುಬಿಟ್ಟರೆ ಖಾಲಿ ಟೇಬಲ್‌ಗಳನ್ನು ತಾನೇ ಕಟ್ಟಿಬಿಡುತ್ತದೆ, ಡಂಪ್ ಸುರಿಯುವಾಗ ಈಗಾಗಲೇ ಇದೆ ಎಂಬ ಎರರ್‌ಗಳ ಮಳೆ. ಹಾಗಾದರೆ ಡೌನ್ ಮಾಡಿ, ಡೇಟಾಬೇಸ್ ಫೋಲ್ಡರ್ ಅಳಿಸಿ, ಮೊದಲಿಂದ.

ಎದ್ದ ಮೇಲೆ ಟೈಮ್‌ಲೈನ್ ಕಂಡಿತು ಎಂದು ನಿಲ್ಲಿಸಬೇಡಿ, ಅದು ಥಂಬ್‌ನೇಲ್ ಮಾತ್ರ. ಬೇರೆ ಬೇರೆ ವರ್ಷದ ಹತ್ತಿಪ್ಪತ್ತು ಫೋಟೊ, ಎರಡು ಮೂರು ದೊಡ್ಡ ವಿಡಿಯೊಗಳ ಮೂಲ ಫೈಲನ್ನು ಡೌನ್‌ಲೋಡ್ ಮಾಡಿ ತೆರೆಯಿರಿ, ಫೋನಿನಲ್ಲಿರುವುದರ ಗಾತ್ರ ಬೈಟ್ ಬೈಟಿಗೂ ಹೊಂದುತ್ತದೆಯೇ ನೋಡಿ. ಹೊಂದಿದರೆ ಫೋನು ಖಾಲಿ ಮಾಡಬಹುದು. ಎರಡೂ ಯುಎಸ್‌ಬಿ ಡಿಸ್ಕ್ ಒಂದೇ ಮೇಜಿನ ಮೇಲಿರುವುದರಿಂದ, ಮೂರನೆಯ ಪ್ರತಿಯೊಂದು ಬೇರೆ ಮನೆಯಲ್ಲಿ ಇರುವವರೆಗೆ ಒಂದು ಫೋನನ್ನಾದರೂ ಹಾಗೇ ಬಿಡಿ.