ಸಹಾಯ ಬೇಕು: ಎದುರಾಳಿ ಒಪ್ಪಿದರೆ ಆಡಿದ ನಡೆಯನ್ನು ಹಿಂಪಡೆಯಲು ಬಿಡಬಹುದೇ?

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡ್ ಆಟದ ಪಂದ್ಯಗಳಿಗೆ ತೀರ್ಪುಗಾರನಾಗಿರುವ ನನಗೆ ನಿಮ್ಮ ಸಲಹೆ ಬೇಕಾಗಿದೆ. ಈ ಆಟದ ಅಧಿಕೃತ ಟೂರ್ನಿ ನಿಯಮಗಳ ಪ್ರಕಾರ, ಎದುರಾಳಿಗೆ ತಿಳಿಸಿದ ನಡೆಯನ್ನು ಸಾಮಾನ್ಯವಾಗಿ ಹಿಂಪಡೆಯುವಂತಿಲ್ಲ; ನಡೆಯ ನಂತರ ಆಟಗಾರನಿಗೆ ಯಾವ ಹೊಸ ಮಾಹಿತಿಯೂ ದೊರೆತಿಲ್ಲವೆಂದು ಖಚಿತವಾದರೆ ಮಾತ್ರ ತೀರ್ಪುಗಾರರು ಅವಕಾಶ ಕೊಡಬಹುದು, ಅನುಮಾನವಿದ್ದರೆ ಕೊಡಬಾರದು.

ತಪ್ಪಾದ ಲ್ಯಾಂಡ್ ಕಾರ್ಡನ್ನು (ಬೇರೆ ಕಾರ್ಡುಗಳನ್ನು ಆಡಲು ಬೇಕಾದ ಶಕ್ತಿ ಒದಗಿಸುವ ಕಾರ್ಡು) ಮೇಜಿನ ಮೇಲಿಟ್ಟು, ಕೈ ತೆಗೆಯುವ ಮುನ್ನವೇ ‘ಇದಲ್ಲ’ ಎಂದವರ ಬಗ್ಗೆ ಯಾರದೂ ತಕರಾರಿಲ್ಲ. ಡೆಕ್‌ನಿಂದ ಹೊಸ ಕಾರ್ಡ್ ಎಳೆದ ಮೇಲಂತೂ ಆ ಪ್ರಶ್ನೆಯೇ ಏಳುವುದಿಲ್ಲ. ತೊಡಕಿರುವುದು ಇವೆರಡರ ನಡುವೆ. ಒಬ್ಬರು ದಾಳಿ ಘೋಷಿಸುತ್ತಾರೆ. ಎದುರಾಳಿ ಮಾತಿಲ್ಲದೆ ಕೈಯಲ್ಲಿರುವ ಕಾರ್ಡುಗಳತ್ತ ಕಣ್ಣು ಹಾಯಿಸಿ, ಇನ್ನೂ ಬಳಸದೆ ಉಳಿದ ಲ್ಯಾಂಡ್‌ಗಳನ್ನು ಎಣಿಸುತ್ತಾರೆ. ಅಷ್ಟರಲ್ಲಿ ದಾಳಿ ಮಾಡಿದವರು ‘ಬೇಡ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ’ ಎನ್ನುತ್ತಾರೆ. ಆ ಎಣಿಕೆಯೇ ಒಂದು ಮಾಹಿತಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎದುರಾಳಿಯೇ ‘ಪರವಾಗಿಲ್ಲ, ಬಿಡಿ’ ಎಂದಾಗ ಏನು ಮಾಡಬೇಕೆಂದು ತೋಚುವುದಿಲ್ಲ.

ಇದನ್ನು ಆಟಗಾರರ ಪರಸ್ಪರ ಒಪ್ಪಿಗೆಗೇ ಬಿಟ್ಟು ನೋಡಿದೆ. ದಾಕ್ಷಿಣ್ಯದ ಸ್ವಭಾವದವರು ಬಿಟ್ಟುಕೊಟ್ಟು ಸೋತರು, ನಿಯಮ ಹೇಳಿದವರು ಜಗಳಗಂಟರೆನಿಸಿಕೊಂಡರು. ಪ್ರತಿ ಸಲವೂ ನನ್ನನ್ನು ಕರೆಯಿರಿ ಎಂದು ಸೂಚಿಸಿದಾಗ, ಗೆಳೆಯರ ನಡುವೆ ಅದೇಕೆ ಎಂದು ಯಾರೂ ಕರೆಯಲಿಲ್ಲ.

ಹೀಗಿರುವಾಗ, ಮಾಹಿತಿ ಸಿಕ್ಕಿರುವುದು ಸ್ಪಷ್ಟವಾಗಿದ್ದು ಎದುರಾಳಿ ಒಪ್ಪಿದ್ದರೂ ತೀರ್ಪುಗಾರನು ನಡುವೆ ಪ್ರವೇಶಿಸಿ ನಡೆಯನ್ನು ಉಳಿಸಬೇಕೇ, ಅಥವಾ ಆ ಒಪ್ಪಿಗೆಯನ್ನು ಮನ್ನಿಸಬೇಕೇ? ಪಂದ್ಯ ನಡೆಸಿದ ಅನುಭವವುಳ್ಳವರು ದಯವಿಟ್ಟು ಕಾರಣಸಹಿತ ತಿಳಿಸಿ.